ಮಸ್ತಾನ್ ಸಾಬರ ಗೂಟ

ಮಸ್ತಾನ್ ಸಾಬರಿಗೆ ಇದ್ದದ್ದು ಒಂದೇ ಕಣ್ಣು. ಹುಡುಗರಾಗಿದ್ದಾಗ ಗೋಡೆಗೆ ಸುಣ್ಣ ಹೊಡೆಯುವಾಗ ಎಡಗಣ್ಣಿಗೆ ಸುಣ್ಣ ಬಿದ್ದು ಅದು ಹೋಗಿತ್ತು. ಯಾರಾದರೂ "ಅಯ್ಯೋ ಪಾಪ" ಅಂದರೋ, ಅಷ್ಟೇ. "ಪಾಪ ಏನಪ್ಪಾ ಪಾಪ? ಗುರಿ ಇಡೋನು ಒಂದು ಕಣ್ಣು ಮುಚ್ಕೋತಾನೆ. ನಂಗೆ ಮುಚ್ಚೋ ಕೆಲಸಾನೇ ತಪ್ತು!" ಎಂದು ಮೇಲೆ ಬೀಳುತ್ತಿದ್ದರು. ಕರುಣೆ ತೋರಿಸಲು ಬಂದವರು ಬಂದ ದಾರಿ ಹಿಡಿಯಬೇಕು, ಹಾಗೆ.

ಚಿಂತಾಮಣಿಯ ಗೋಡೆಗಳನ್ನೆಲ್ಲ ಬರೆದ ಮನುಷ್ಯ ಅವರು. ಅಂಗಡಿ ಬೋರ್ಡು, ಗೋಡೆ ಜಾಹೀರಾತು, ನಾಟಕದ ಪರದೆ, ಎಲ್ಲ ಅವರ ಕೈಯದೇ. ಫ್ಲೆಕ್ಸ್ ಬಂತು, ಬ್ರಷ್ಷು ಡಬ್ಬ ಸೇರಿತು. ನಾನು ಮಂಡಿಕಲ್ ಕಡೆ ರೈತರ ಮನೆಯವಳು. ಮದುವೆ ಮನೆಗಳಿಗೆ ಸೀರಿಯಲ್ ಸೆಟ್ ದೀಪ ಕಟ್ಟುತ್ತ ಕಟ್ಟುತ್ತ, ಕಟ್ಟಡಗಳ ಮೇಲೆ ಪ್ರೊಜೆಕ್ಟರ್‌ನಿಂದ ಚಲಿಸುವ ಚಿತ್ರ ಬಿಡುವ ಕೆಲಸಕ್ಕೆ ಇಳಿದವಳು. ಕಲ್ಲಿನ ಗೋಡೆ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತದೆ, ಒಳಗೆ ಕಂಬಗಳ ಸಾಲು ಕಾಣುತ್ತದೆ, ಕಂಬದ ಹಿಂದಿನಿಂದ ಆನೆ ಬರುತ್ತದೆ. ಅಂಥ ಆಟ. "ಹೆಣ್ಣುಮಗಳಿಗೆ ಯಾಕೆ ಈ ವೈರಿನ ಸಹವಾಸ?" ಎಂದು ಊರೆಲ್ಲ ಕೇಳಿತು. ನಮ್ಮಮ್ಮನೂ ನೆಂಟರ ಮುಂದೆ, "ನಮ್ಮೋಳು ದೀಪ ಕಟ್ತಾಳೆ" ಎಂದು ಮಾತು ತೇಲಿಸಿಬಿಡುತ್ತಿದ್ದಳು.

ನನ್ನ ಮೊದಲ ದೊಡ್ಡ ಕೆಲಸ ಚಿಕ್ಕಬಳ್ಳಾಪುರದ ಒಂದು ಕಲ್ಯಾಣ ಮಂಟಪದ ಮುಂಗೋಡೆ. ಗೋಡೆ ಅಗಲ, ಒಂದು ಪ್ರೊಜೆಕ್ಟರ್ ಸಾಲದು, ಮೂರು ಇಟ್ಟೆ. ಒಂದೊಂದರ ಪಕ್ಕ ನಿಂತು ಅದರ ಪಾಲಿನ ಚಿತ್ರ ಸರಿಮಾಡಿದೆ. ಅಂಚಿಗೆ ಅಂಚು ಕೂಡಿತು. ಗತ್ತಿನಿಂದ ಎದುರಿಗೆ ಬಂದು ನೋಡುತ್ತೇನೆ, ಎಡಗಡೆಯ ಕಂಬಗಳು ಒಂದು ದಿಕ್ಕಿಗೆ ವಾಲಿವೆ, ಬಲಗಡೆಯವು ಇನ್ನೊಂದು ದಿಕ್ಕಿಗೆ. ಮಧ್ಯದ ಆನೆಗೆ ಸೊಂಟವೇ ಮುರಿದಿದೆ. ಮಂಟಪದ ಹೆಸರು ಬರೆಯಲು ಬಂದಿದ್ದ ಸಾಬರು ಏಣಿಯ ಮೇಲಿಂದ ನಕ್ಕರು.

"ಮೂರು ಜನ ಸೊಸೇರು ಒಂದೇ ಮುದ್ದೆ ತಿರುವಿದಂಗಿದೆ ಕಣಮ್ಮ!"

ನನಗೆ ರೇಗಿತು. "ಮೂರೂ ಸರಿಯಾಗೇ ಇದೆ ಸಾಬ್ರೇ, ಬೇಕಾದ್ರೆ ಒಂದೊಂದೇ ನೋಡಿ."

"ಒಂದೊಂದೇ ಸರಿ ಇದೆ. ಜನ ಮೂರು ಕಡೆ ನಿಂತು ನೋಡ್ತಾರಾ?" ಎಂದು ಇಳಿದು ಬಂದು, ಜಾಲಿಯ ಕೋಲೊಂದನ್ನು ಅಂಗಳದಲ್ಲಿ ಗೂಟವಾಗಿ ಹೊಡೆದರು. "ಇದು ಕಣ್ಣು. ಮೂರು ಮಿಷಿನ್‌ಗೂ ಇದೊಂದೇ ಕಣ್ಣು. ಇಲ್ಲಿಂದ ನೋಡಿ ಮೂರನ್ನೂ ಕೂಡ್ಸು."

ಗೂಟದ ಬಳಿ ಕುಕ್ಕರಗಾಲಲ್ಲಿ ಕೂತು, "ಎಡಗಡೇದು ಒಂದು ನೂಲಿನಷ್ಟು ಮೇಲೆ... ಸಾಕು. ಬಲಗಡೇದು ಒಳಕ್ಕೆ" ಎಂದು ಕೂಗುತ್ತ ಹೋದರು. ರಾತ್ರಿಯಾಗುವಷ್ಟರಲ್ಲಿ ಆನೆಗೆ ಸೊಂಟ ಬಂತು. ಅವತ್ತಿನಿಂದ, ಅವರ ಕೈಲಾಗುವ ತನಕ, ಸಾಬರಿಲ್ಲದೆ ನಾನು ಕೆಲಸ ಹಿಡಿದದ್ದಿಲ್ಲ.

ಆ ಗೂಟಕ್ಕೆ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದರು, ನೆಲದಿಂದ ಮೂರಡಿಗಿಂತ ಕಡಿಮೆ ಎತ್ತರದಲ್ಲಿ. ಇಷ್ಟು ಕೆಳಗೆ ಯಾಕೆ ಎಂದು ಒಮ್ಮೆ ಕೇಳಿದೆ. ಚಾಪೆಯ ಮೇಲೆ ಕೂತವರ ಕಣ್ಣಿನ ಮಟ್ಟ ಅಂತೆ ಅದು. ಆಮೇಲೆ ಆ ಕಥೆ ಹೇಳಿದರು. ಪ್ರಾಯದಲ್ಲಿ ಒಂದು ಸಭಾಂಗಣದ ಗೋಡೆಗೆ ಅರಮನೆಯ ಚಿತ್ರ ಬರೆದಿದ್ದರು. ದೊಡ್ಡವರ ಕುರ್ಚಿ ಪಕ್ಕಕ್ಕೆ ಹಾಕಿದ್ದರಿಂದ, ಅಲ್ಲಿಂದ ಸರಿಯಾಗಿ ಕಾಣುವ ಹಾಗೆ ಬರೆಯಬೇಕೆಂದು ಹುಕುಂ ಆಗಿತ್ತು. ಬರೆದರು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಅವರ ತಾಯಿ, ಮಗನ ಚಿತ್ರ ನೋಡಲು ರಜಾ ಹಾಕಿ ಬಂದಳು. ಹೆಂಗಸರಿಗೆ ಜಾಗ ಕೊಟ್ಟದ್ದು ಆಚೆ ಮೂಲೆಯಲ್ಲಿ.

"ಅಲ್ಲಿಂದ ಕಂಬ ಎಲ್ಲಾ ಬೀಳೋ ಹಂಗೆ ಕಾಣ್ತದೆ. 'ಬೇಟಾ, ಕಂಬ ಯಾಕೆ ಬೀಳ್ತಾವೆ? ನಿಂಗಿನ್ನೂ ಬರಲ್ವಾ?' ಅಂದ್ಳು ಅಮ್ಮಿ. ಅದೇ ವರ್ಷ ತೀರ್ಕೊಂಡ್ಳು. ಮಗನಿಗೆ ಬರಲ್ಲ ಅಂತ್ಲೇ ಹೋದ್ಳಮ್ಮ." ಇಷ್ಟು ಹೇಳಿ ಎದ್ದು ಹೋಗಿ ಟೀ ತಂದರು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಚಿಂತಾಮಣಿಯಲ್ಲಿ ಒಂದು ಹಳೆಯ ಹೆಣ್ಣುಮಕ್ಕಳ ಶಾಲೆಯ ಹಬ್ಬಕ್ಕೆ ನಮ್ಮನ್ನು ಕರೆದರು. ಸಮಿತಿಯ ಅಧ್ಯಕ್ಷರು ತಮ್ಮ ಸೋಫಾವನ್ನು ಎಡಗಡೆ ವೇದಿಕೆಯ ಮೇಲೆ ಹಾಕಿಸಿಕೊಂಡಿದ್ದರು. ಸಾಬರು ಗೂಟ ಹೊಡೆದದ್ದು ಮೈದಾನದ ನಡುವೆ, ಚಾಪೆಗಳ ಹತ್ತಿರ.

"ಏಮಯ್ಯಾ ಸಾಬು, ಸೋಫಾ ಇಲ್ಲಿ, ಗೂಟ ಅಲ್ಲಿ?" ಎಂದರು ಅಧ್ಯಕ್ಷರು.

"ಸೋಫಾದಲ್ಲಿ ಆರು ಜನ ಸಾರ್. ಚಾಪೆ ಮೇಲೆ ಊರೇ ಕೂತ್ಕೊಳ್ತದೆ. ಸೋಫಾನ ಗೂಟದ ಹಿಂದೆ ಹಾಕ್ಸಿ, ಬೊಂಬಾಟಾಗಿ ಕಾಣ್ತದೆ."

"ಹೆಂಗಸರು ಮಕ್ಕಳ ಹಿಂದೆ ನಾನು ಕೂತ್ಕೋಬೇಕಾ? ಗೂಟ ಕಿತ್ತು ಇಲ್ಲಿ ಹೊಡಿ. ಇಲ್ಲಾಂದ್ರೆ ಸಾಮಾನು ಕಟ್ಟು."

ಈ ಮನುಷ್ಯ ಬಾಯಿ ಬಿಟ್ಟರೆ ತಾಲ್ಲೂಕಿನಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ. "ಸಾಬ್ರೇ, ಇದೊಂದು ಸಲ ಬಗ್ಗಣ" ಎಂದು ಪಿಸುಗುಟ್ಟಿದೆ. ಅವರು ಸುತ್ತಿಗೆಯನ್ನು ನನ್ನ ಕೈಗಿಟ್ಟರು. "ಬೇಕಾದ್ರೆ ನೀನು ಕೀಳು. ನಾನು ಕೀಳಲ್ಲ."

ಹೋಗಿ ಗೂಟ ಹಿಡಿದುಕೊಂಡೆ. ಹಿಡಿದವಳು ತಲೆ ಎತ್ತಿದರೆ, ಗೇಟಿನ ಹತ್ತಿರ ನಮ್ಮಮ್ಮ! ಮಗಳು ಮಾಡುವುದೇನು ಎಂದು ಮೊದಲ ಸಲ ನೋಡಲು ಬಸ್ಸು ಹಿಡಿದು ಬಂದಿದ್ದಳು. ಬಂದವಳೇ ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತಳು. ಅವಳ ಕಣ್ಣು ಸರಿಯಾಗಿ ಆ ಕೆಂಪು ಬಟ್ಟೆಯ ಮಟ್ಟಕ್ಕಿತ್ತು.

ಸುತ್ತಿಗೆ ಎತ್ತಿ ಗೂಟಕ್ಕೆ ಇನ್ನೊಂದು ಏಟು ಬಿಗಿಯಾಗಿ ಹಾಕಿದೆ.

"ಗೂಟ ಕದಲಲ್ಲ ಸಾರ್. ಸಾಮಾನು ಕಟ್ಟು ಅಂತೀರಾ, ಕಟ್ತೀನಿ. ಆದ್ರೆ ಇಲ್ಲಿ ಬಂದು ಕೂತಿರೋರಿಗೆ ಯಾಕೆ ಅಂತ ನೀವೇ ಮೈಕಲ್ಲಿ ಹೇಳ್ಬೇಕು." ಎಲ್ಲಿತ್ತೋ ಆ ಧೈರ್ಯ, ಬಂತು. ಅಧ್ಯಕ್ಷರು ಮೈದಾನ ನೋಡಿದರು. ಅರ್ಧ ತುಂಬಿತ್ತು. ಮೈಕು ಮುಟ್ಟಲಿಲ್ಲ.

ಕತ್ತಲಾಯಿತು, ಗೋಡೆ ತೆರೆಯಿತು, ಕಂಬಗಳು ನೆಟ್ಟಗೆ ನಿಂತವು. ಸೋಫಾದಲ್ಲಿದ್ದವರು ಕತ್ತು ಓರೆ ಮಾಡಿ ಸಾಕಾದರು. ಅಧ್ಯಕ್ಷರು ಅರ್ಧಕ್ಕೇ ಎದ್ದು ಕಾರು ಹತ್ತಿದರು. ಅವರ ಹೆಂಡತಿ ಮಾತ್ರ ಸೆರಗು ಸುತ್ತಿಕೊಂಡು ಬಂದು ಚಾಪೆಯ ಮೇಲೆ ಕೂತುಬಿಟ್ಟರು. ನಮ್ಮಮ್ಮ ಗೋಡೆಯ ಕಡೆಗೆ ಕೈ ಚಾಚಿ, "ಕಂಬ ಮುಟ್ಟಬೋದು ಅನ್ನಂಗಿದೆ ಕಣೇ. ಎಷ್ಟು ನೆಟ್ಟಗಿದೆ!" ಎಂದಳು. ಪಕ್ಕದಲ್ಲಿದ್ದ ಸಾಬರು ಆ ಕಡೆ ತಿರುಗಿಕೊಂಡು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. ಹೋದ ಕಣ್ಣಿನಲ್ಲೂ ನೀರು ಬರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ನಾನು ಹೆದರಿದಂತೆಯೇ ಅಧ್ಯಕ್ಷರು ಬಾಯಿ ಬಿಟ್ಟರು. ಊರಲ್ಲಿ ನಮ್ಮನ್ನು ಯಾರೂ ಕರೆಯಲಿಲ್ಲ. "ಗೌರಿಬಿದನೂರಲ್ಲಿ ಗೋಡೆ ಇಲ್ವಾ?" ಎಂದು ಸಾಬರು ಗೂಟವನ್ನು ಹೆಗಲಿಗೇರಿಸಿದರು. ಇತ್ತು. ಬೇಕಾದಷ್ಟು ಗೋಡೆ ಇತ್ತು.

ಕಡೆಗೆ ಸಕ್ಕರೆ ಕಾಯಿಲೆ ಉಳಿದ ಕಣ್ಣನ್ನೂ ತಿಂದಿತು. ಕೊನೆಯ ಸಲ ನೋಡಲು ಹೋದಾಗ ಗೂಟವನ್ನೂ ತೆಗೆದುಕೊಂಡು ಹೋಗಿದ್ದೆ. ಮಲಗಿದ್ದಲ್ಲೇ ಅದನ್ನು ತಡವಿ ನೋಡಿ ಗದರಿಸಿದರು: "ಬಟ್ಟೆ ಮೇಲೆ ಹೋಗಿದೆಯಲ್ಲಮ್ಮ! ಯಾರ ಕಣ್ಣಿಗೆ ಇಡ್ತಿದೀಯ? ಕೂತೋರ ಮಟ್ಟಕ್ಕೆ ಕಟ್ಟು." ಇಳಿಸಿ ಕಟ್ಟಿದೆ. ಮತ್ತೆ ತಡವಿ, "ಹ್ಞಾ" ಎಂದರು. ಎಂಟು ದಿನಕ್ಕೆ ಹೋದರು.

ಮೊನ್ನೆ ಅದೇ ಅಧ್ಯಕ್ಷರಿಂದ ಫೋನು. "ಶಾಲೆಯ ಹುಡುಗೀರೆಲ್ಲ ನೀನೇ ಬರ್ಬೇಕು ಅಂತಾವಮ್ಮ. ಆ ಸಾಬು ಇಲ್ವಂತಲ್ಲ, ಇನ್ನೇನು ತಕರಾರಿಲ್ಲ. ಸೋಫಾ ಹೋದ ಸಲ ಇದ್ದ ಕಡೇನೇ ಇರ್ತದೆ."

"ಸಾಬ್ರು ಇಲ್ಲ ಸಾರ್" ಎಂದೆ. "ಗೂಟ ಇದೆ. ವ್ಯಾನಿಂದ ಮೊದ್ಲು ಅದು ಇಳೀತದೆ, ಆಮೇಲೆ ನಾನು ಇಳೀತೀನಿ. ಒಪ್ಪಿಗೆ ಇದ್ರೆ ಹೇಳಿ."

ಆ ಕಡೆಯಿಂದ "ಆಯ್ತು, ಬಾಮ್ಮ" ಎಂದರು.

ನಾಳಿದ್ದು ಹೋಗುತ್ತಿದ್ದೇನೆ. ಚಾಪೆಯ ಮೇಲೆ ನಾನೇ ಕೂತು ಅಳೆದು ಬಟ್ಟೆ ಕಟ್ಟಿದ್ದೇನೆ, ಬಿಗಿಯಾಗಿ.