ಕನ್ನಡಿಯಕ್ಕ ಹಾಕಿದ ತೇಪೆ

ಕಲ್ಲಿಗೆ ಹೊಳಪು ಕೊಡುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತಳಾದ ಹೆಂಗಸಿಗೆ ಅರವತ್ತೊಂದನೆಯ ವಯಸ್ಸಿನಲ್ಲಿ ರಾಜಧಾನಿ ನೋಡುವ ಹುಚ್ಚು ಹತ್ತಿತು. ಅದೂ ಒಬ್ಬಳೇ ಹೋಗಿ ನೋಡುವ ಹುಚ್ಚು. ಔಷಧಿ ಅಂಗಡಿಗೆ ಹೋಗಬೇಕಾದರೂ ತಂಗಿಯನ್ನು ಜೊತೆಗೆ ಎಳೆದುಕೊಂಡು ಹೋಗುತ್ತಿದ್ದವಳು ಹೀಗೆ ಹೊರಟು ನಿಂತರೆ ಮನೆಯವರು ಸುಮ್ಮನಿರುತ್ತಾರೆಯೇ? ಮಗಳು ಬೇಡವೇ ಬೇಡವೆಂದಳು. ಅಳಿಯ ತಾನೂ ರಜೆ ಹಾಕಿ ಬರುತ್ತೇನೆಂದ. ರಜೆ ಸಿಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ತಂಗಿ ಮಾತ್ರ ಹಾಸಿಗೆಯ ಅಂಚಿನಲ್ಲಿ ಕುಳಿತು, ಅಕ್ಕ ಚೀಲಕ್ಕೆ ಬಟ್ಟೆ ತುಂಬುವುದನ್ನೇ ನೋಡುತ್ತ, "ನೀನು ಊರು ನೋಡೋಕೆ ಹೋಗ್ತಿಲ್ಲ ಬಿಡು. ಇದರ ಹಿಂದೆ ಏನೋ ಇದೆ" ಅಂದಳು.

"ಏನಿರುತ್ತೆ ಮಣ್ಣು" ಅಂದಳು ಅಕ್ಕ.

ಇತ್ತು. ಹತ್ತೊಂಬತ್ತು ವರ್ಷದಿಂದ ಇತ್ತು.

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕನ್ನಡಿಯಕ್ಕ ಎಂದು. ಅವಳ ಕೈಯಲ್ಲಿ ಉಜ್ಜಿಸಿಕೊಂಡ ಕಪ್ಪು ಚಪ್ಪಡಿಯಲ್ಲಿ ಮುಖ ನೋಡಿಕೊಂಡು ಯಜಮಾನರು ತಲೆ ಬಾಚಿಕೊಳ್ಳುತ್ತಿದ್ದರಂತೆ. ಅವರ ತಲೆಯಲ್ಲಿ ಬಾಚುವಷ್ಟು ಕೂದಲು ಉಳಿದಿದ್ದ ಕಾಲದ ಮಾತು. ದಿನವಿಡೀ ನೀರಿನ ಧಾರೆಯ ಕೆಳಗೆ ಕೈ, ಮೊಣಕೈವರೆಗೆ ಬೂದು ಕೆಸರು, ಕಿವಿಯಲ್ಲಿ ಯಂತ್ರದ ಗುಂಯ್‌ಗುಡುವಿಕೆ. ಆ ಗದ್ದಲದಲ್ಲೂ ಅವಳ ಒಂದು ಕಟ್ಟಳೆ ಎಲ್ಲರಿಗೂ ಬಾಯಿಪಾಠವಾಗಿತ್ತು: ತೇಪೆ ಹಾಕಿದ ಕಲ್ಲು ಹೊಸ್ತಿಲು ದಾಟಬಾರದು. ಚಪ್ಪಡಿಯ ಮೂಲೆ ಮುಕ್ಕಾದರೆ ಬೇರೆ ಕಾರ್ಖಾನೆಗಳಲ್ಲಿ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತಿ, ಉಜ್ಜಿ, ಏನೂ ಆಗೇ ಇಲ್ಲವೆಂಬಂತೆ ಗಿರಾಕಿಗೆ ದಾಟಿಸುತ್ತಾರೆ. ಅವಳ ಹತ್ತಿರ ಆ ಆಟ ನಡೆಯುತ್ತಿರಲಿಲ್ಲ. ಕಣ್ಣಿಗೆ ಕಾಣದ ತೇಪೆಯನ್ನು ಅವಳ ಉಸಿರು ಕಂಡುಹಿಡಿಯುತ್ತಿತ್ತು. ಕಲ್ಲಿನ ಹತ್ತಿರ ಬಾಯಿ ಒಯ್ದು 'ಹಾ' ಎಂದು ಆವಿ ಬಿಡುವುದು, ಸುಮ್ಮನೆ ಕಾಯುವುದು. ಕಲ್ಲಿನ ಮೇಲಿನ ಆವಿ ಒಂದೇ ಸಮ ಆರುತ್ತದೆ. ಅಂಟಿನ ಮೇಲಿನದು ತನಗೆ ತೋಚಿದಾಗ ಆರುತ್ತದೆ. ಆ ಒಂದು ಗಳಿಗೆಯಲ್ಲಿ ತೇಪೆಯ ಗಡಿ ಗೆರೆ ಎಳೆದ ಹಾಗೆ ಕಾಣಿಸಿಬಿಡುತ್ತದೆ. ಅವಳ 'ಹಾ'ಗೆ ಹೆದರಿ ಅತ್ತ ಹುಡುಗಿಯರು ಎಷ್ಟೋ ಮಂದಿ.

ಇಂಥವಳು ಒಂದೇ ಒಂದು ಸಲ ತೇಪೆ ಹಾಕಿದ್ದಳು. ರಾಜಧಾನಿಗೆ ಕುಡಿಯುವ ನೀರು ತರಲು ಹಿಂದೊಮ್ಮೆ ಬೆಟ್ಟ ಕೊರೆದು ಸುರಂಗ ಮಾಡಿದ್ದರು. ಆ ಕೆಲಸದಲ್ಲಿ ಸತ್ತ ಕೂಲಿಗಳಿಗಾಗಿ ಒಂದು ಸ್ಮಾರಕದ ಗೋಡೆ ಎಬ್ಬಿಸಬೇಕು, ಅದಕ್ಕೆ ಅರವತ್ತು ಕಪ್ಪು ಚಪ್ಪಡಿ ಬೇಕು ಎಂದು ಕಾರ್ಖಾನೆಗೆ ಬೇಡಿಕೆ ಬಂದಿತ್ತು. ಲಾರಿ ಬಂದು ನಿಂತ ದಿನ, ನಲವತ್ತೇಳನೆಯದನ್ನು ಹೊರಳಿಸುವಾಗ ಅವಳದೇ ಕೈಯ ಹಾರೆ ಜಾರಿ, ಬಲಗಡೆಯ ಕೆಳಮೂಲೆ ಅಂಗೈಯಗಲ ಪುಡಿಪುಡಿಯಾಯಿತು. ಹೊಸ ಕಲ್ಲು ಕೊಯ್ಯಲು ವಾರ ಬೇಕು. ಲಾರಿಯವನು ಗಂಟೆಗೊಮ್ಮೆ ಹಾರ್ನ್ ಬಾರಿಸುತ್ತಿದ್ದ. ಎಲ್ಲರೂ ಊಟಕ್ಕೆ ಎದ್ದ ಹೊತ್ತು ನೋಡಿ ಅವಳು ಪುಡಿ ಕಲಸಿದಳು, ಮೆತ್ತಿದಳು, ಬಿಸಿಗಾಳಿ ಹಿಡಿದು ಒಣಗಿಸಿ ಉಜ್ಜಿದಳು. ಬರಿಯ ಗೋಡೆಗೆ ಹೊದಿಸುವ ಕಲ್ಲು ತಾನೇ, ಮೂಲೆಯನ್ನು ಯಾರು ನೋಡುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಏಳೆಂಟು ತಿಂಗಳ ಮೇಲೆ ಪತ್ರಿಕೆಯಲ್ಲಿ ಆ ಗೋಡೆಯ ಚಿತ್ರ ಬಂತು. ಕಲ್ಲುಗಳನ್ನು ನಿಲ್ಲಿಸಿದ ಮೇಲೆ ಅವುಗಳ ಮೈತುಂಬ ಸತ್ತವರ ಹೆಸರು ಕೊರೆದಿದ್ದರು, ಮೇಲಿನಿಂದ ಬುಡದವರೆಗೆ. ಅಂದರೆ ಯಾರದೋ ಮಗನ ಹೆಸರು ಅವಳ ಅಂಟಿನ ಮೇಲೆ ಕೂತಿತ್ತು. ಬಿಸಿಲಿಗೆ ಬಿದ್ದ ಅಂಟು ಹತ್ತು ವರ್ಷ ಬಾಳಿದರೆ ಹೆಚ್ಚು. ಅದು ಉದುರುವ ದಿನ ಆ ಹೆಸರೂ ಉದುರುತ್ತದೆ. ಹೋಗಿ ನೋಡಿ ಬರೋಣವೆಂದರೆ ಆ ವರ್ಷ ಗಂಡನ ಕಾಯಿಲೆ, ಮರುವರ್ಷ ಮಗಳ ಮದುವೆ, ಆಮೇಲೆ ಮೊಮ್ಮಗು. ಧೈರ್ಯವಿಲ್ಲದವರಿಗೆ ನೆಪಕ್ಕೇನು ಬರ?

ನಿವೃತ್ತಿಯ ದಿನ ಯಜಮಾನರು ಭಾಷಣ ಮಾಡಿ, ಮೂವತ್ತನಾಲ್ಕು ವರ್ಷದಲ್ಲಿ ಕನ್ನಡಿಯಕ್ಕನ ಕೈಯಿಂದ ತೇಪೆಯ ಕಲ್ಲು ಒಂದೂ ಹೊರಗೆ ಹೋಗಿಲ್ಲವೆಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳೊಬ್ಬಳು ಕೈ ಒರೆಸಿಕೊಂಡಳು. ಮರುವಾರವೇ ರೈಲಿನ ಟಿಕೆಟ್ ತೆಗೆಸಿದಳು.

ಇಷ್ಟೆಲ್ಲ ಹಟ ಹಿಡಿದು ಹೋದವಳು ನೆಟ್ಟಗೆ ಆ ಗೋಡೆಯ ಹತ್ತಿರ ಹೋದಳೆಂದುಕೊಂಡಿರಾ? ಇಲ್ಲ. ಸ್ಮಾರಕಕ್ಕೆ ಹತ್ತಿರವಾಗಲೆಂದೇ ಹುಡುಕಿ ಹಿಡಿದ ವಸತಿಗೃಹದಿಂದ ಅದು ಎರಡೇ ಬೀದಿ ಆಚೆ ಇತ್ತು. ಮೊದಲ ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಬಲಕ್ಕೆ ನೋಡಿದಳು. ಅವಳ ಕಾಲುಗಳು ಎಡಕ್ಕೆ ತಿರುಗಿದವು. ದೊಡ್ಡ ಚೌಕದಲ್ಲಿ ಹಳೆಯ ರಾಜನೊಬ್ಬ ಕುದುರೆಯ ಮೇಲೆ ಕುಳಿತಿದ್ದ. ಜನ ರಾಜನನ್ನು ನೋಡಿದರು, ಕುದುರೆಯನ್ನು ನೋಡಿದರು. ಕನ್ನಡಿಯಕ್ಕ ಕೆಳಗಿನ ಪೀಠ ನೋಡಿದಳು. ನೋಡುತ್ತ ನೋಡುತ್ತ ಅಭ್ಯಾಸಬಲದಿಂದ ಬಗ್ಗಿ 'ಹಾ' ಎಂದಳು. ಪ್ರವಾಸಿಗಳ ಗುಂಪೊಂದನ್ನು ಕರೆತಂದಿದ್ದ ಮಾರ್ಗದರ್ಶಿ ಅದನ್ನು ಕಂಡು, ಅಮ್ಮ ರಾಜರಿಗೆ ಮುತ್ತು ಕೊಡುತ್ತಿದ್ದಾರೆ ಎಂದು ಗೇಲಿ ಮಾಡಿದ.

"ಮುತ್ತಲ್ಲಪ್ಪ, ಪರೀಕ್ಷೆ" ಅಂದಳು ಅವಳು. "ಇಲ್ಲಿ ನೋಡು, ನಿಮ್ಮ ರಾಜರ ಪೀಠಕ್ಕೆ ಎರಡು ತೇಪೆ."

ಅವನು ನಂಬಲಿಲ್ಲ. ಅವಳು ಮತ್ತೊಮ್ಮೆ ಆವಿ ಬಿಟ್ಟು ತೋರಿಸಿದಳು. ಆಮೇಲೆ ಏನಾಯಿತೆಂದರೆ, ಇಪ್ಪತ್ತು ಮೂವತ್ತು ಮಂದಿ ಸಾಲಾಗಿ ನಿಂತು ರಾಜನ ಕಾಲಬುಡಕ್ಕೆ 'ಹಾ' 'ಹಾ' ಎನ್ನತೊಡಗಿದರು. ರಾಜ ಬದುಕಿದ್ದಾಗಲೂ ಅವನ ಪಾದದ ಹತ್ತಿರ ಅಷ್ಟು ಜನ ಅಷ್ಟು ಭಕ್ತಿಯಿಂದ ಬಗ್ಗಿದ್ದರೋ ಇಲ್ಲವೋ.

ಅಲ್ಲಿಂದ ಅವಳಿಗೆ ಅದೇ ಚಟವಾಯಿತು. ಎರಡನೆಯ ದಿನ ವಿಜಯಸ್ತಂಭ: ಎಟುಕುವ ಎತ್ತರದಲ್ಲೇ ಏಳು ತೇಪೆ. ಶಾಸನಸಭೆಯ ಹಳೆಯ ಕಟ್ಟಡದ ಮೆಟ್ಟಿಲಲ್ಲಿ ಲೆಕ್ಕವಿಲ್ಲದಷ್ಟು. ಮೂರನೆಯ ದಿನ ಸೇನಾಪತಿಯೊಬ್ಬನ ಸಮಾಧಿಗೆ ಹೋದರೆ ಅಲ್ಲಿ ತೇಪೆಯ ಮೇಲೆ ತೇಪೆ. ಮೆತ್ತಿದವನಿಗೆ ಕೈ ಕೆಲಸವೂ ಬರುತ್ತಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಅವಳಿಗೆ ಒಳಗೊಳಗೇ ಖುಷಿ. ಊರಿಗೆ ಊರೇ ತೇಪೆಯಲ್ಲಿ ನಿಂತಿರುವಾಗ ನನ್ನದೊಂದು ಯಾವ ಲೆಕ್ಕ ಎಂದುಕೊಳ್ಳುತ್ತ, ಉದ್ಯಾನದ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಕುಳಿತು ಬ್ರೆಡ್ಡು ತಿಂದಳು. ಒಬ್ಬಳೇ ಬೀದಿ ದಾಟುವುದು, ಒಬ್ಬಳೇ ಬಸ್ಸಿನ ಸಂಖ್ಯೆ ಓದುವುದು, ದಾರಿ ತಪ್ಪಿದರೆ ತಪ್ಪಿದ ದಾರಿಯಲ್ಲೇ ಇನ್ನಷ್ಟು ನೋಡಿಕೊಂಡು ಬರುವುದು, ಇದೆಲ್ಲ ಇಷ್ಟು ಸುಲಭವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಫೋನಿನಲ್ಲಿ ತಂಗಿ ಊಟ ಮಾಡಿದೆಯಾ, ಚೀಲ ಭದ್ರವಾಗಿದೆಯಾ ಎಂದು ಕೇಳಿದಾಗಲೆಲ್ಲ ತಾನೇ ಈ ಊರಿನ ಸೊಸೆಯೆಂಬ ಹಾಗೆ ಬೀದಿಗಳ ವರ್ಣನೆ ಮಾಡಿದಳು.

ಆದರೆ ಬ್ರೆಡ್ಡು ಮುಗಿಯುವ ಹೊತ್ತಿಗೆ ಇನ್ನೊಂದು ಮಾತು ತಲೆಗೆ ಬಂತು. ರಾಜನ ತೇಪೆಯ ಮೇಲೆ ಯಾರ ಹೆಸರೂ ಇರಲಿಲ್ಲ. ಸ್ತಂಭದ ತೇಪೆ ಉದುರಿದರೆ ಮುಕ್ಕಾಗುವುದು ಕಲ್ಲು ಮಾತ್ರ. ಅವಳ ಖುಷಿ ಅಲ್ಲಿಗೇ ಇಳಿಯಿತು.

ವಸತಿಗೃಹದ ಯಜಮಾನಿ ಗಟ್ಟಿ ದನಿಯ, ಗಟ್ಟಿ ಮನಸ್ಸಿನ ಹೆಂಗಸು. ದಿನಾ ಬೆಳಿಗ್ಗೆ ಕೀಲಿಕೈ ಇಸಿದುಕೊಳ್ಳುವಾಗ, ಸುರಂಗದ ಗೋಡೆ ನೋಡಿದಿರಾ, ಇಲ್ಲೇ ಪಕ್ಕದಲ್ಲಿದೆ ಎಂದು ಕೇಳುವಳು. ಇವಳು ಇವತ್ತು ನೋಡ್ತೀನಿ ಎನ್ನುವಳು. ನಾಲ್ಕನೆಯ ದಿನ, ಸಂಜೆಗೆ ರೈಲು ಇರುವಾಗ, ಯಜಮಾನಿ ಕೀಲಿ ತೆಗೆದುಕೊಳ್ಳದೆ ಇವಳ ಮುಖವನ್ನೇ ನೋಡಿ, "ನಾಲ್ಕು ದಿನದಿಂದ ಅದೊಂದನ್ನ ಬಿಟ್ಟು ಎಲ್ಲ ನೋಡ್ತಿದ್ದೀರಿ. ಸಾಲ ಕೊಟ್ಟೋನ ಮನೆ ಬೀದಿ ತಪ್ಪಿಸೋರು ಹೀಗೇ ನಡೀತಾರೆ" ಅಂದಳು.

ಕನ್ನಡಿಯಕ್ಕನಿಗೆ ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವ ಸಿಟ್ಟು ಅದು. ಆ ಸಿಟ್ಟಿನ ಭರದಲ್ಲೇ ಬಲಕ್ಕೆ ತಿರುಗಿ ಎರಡು ಬೀದಿ ನಡೆದುಬಿಟ್ಟಳು.

ಗೋಡೆ ಚಿತ್ರದಲ್ಲಿ ಕಂಡದ್ದಕ್ಕಿಂತ ಉದ್ದವಾಗಿತ್ತು, ತಗ್ಗಾಗಿತ್ತು. ಮುಂದೆ ಒಂದಷ್ಟು ಹುಲ್ಲು, ಎರಡು ಬೆಂಚು, ಗುಡಿಸಿದ ಕಾಲುದಾರಿ. ತನ್ನ ಕೈಯ ಹೊಳಪು ಹತ್ತೊಂಬತ್ತು ವರ್ಷ ಬಿಸಿಲು ಮಳೆ ತಿಂದೂ ಮಾಸದೆ ನಿಂತದ್ದನ್ನು ನೋಡಿ ಅವಳಿಗೆ ಹೆಮ್ಮೆಯಾಯಿತು. ಸಂಖ್ಯೆಯ ಕ್ರಮದಲ್ಲೇ ನಿಲ್ಲಿಸಿರುತ್ತಾರೆಂದು ಎಡತುದಿಯಿಂದ ಎಣಿಸುತ್ತ ಹೊರಟಳು. ಮೂವತ್ತರ ಹತ್ತಿರ ಲೆಕ್ಕ ತಪ್ಪಿತು. ಬೇಕೆಂದೇ ತಪ್ಪಿಸಿಕೊಂಡಳೆಂದರೂ ಸರಿಯೇ. ಮತ್ತೆ ಮೊದಲಿನಿಂದ ಎಣಿಸಿ, ನಲವತ್ತೇಳರ ಮುಂದೆ ಬಂದು, ಮಂಡಿಯೂರಿ ಕುಳಿತಳು.

ಪ್ರತಿ ಚಪ್ಪಡಿಯಲ್ಲೂ ಸಾಲಿಗೆ ಮೂರು ಹೆಸರು, ಬುಡದವರೆಗೂ ಒತ್ತಾಗಿ. ಈ ಒಂದರಲ್ಲಿ ಮಾತ್ರ ಕೊನೆಯ ಸಾಲಿನಲ್ಲಿ ಎರಡೇ. ಮೂರನೆಯದಿರಬೇಕಾದ ಜಾಗ ಬರಿದು. ಉದುರಿಹೋಯಿತು ಎಂದುಕೊಂಡಳು. ಉದುರಿದ್ದರೆ ಗುಂಡಿ ಇರಬೇಕಲ್ಲ? ಗುಂಡಿಯಿಲ್ಲ, ನುಣ್ಣಗಿದೆ. ಬಗ್ಗಿ 'ಹಾ' ಎಂದಳು. ಆವಿ ಆರುತ್ತ ಬಂತು, ಗಡಿ ಎದ್ದಿತು. ಅವಳದೇ ತೇಪೆ, ಹಾಕಿದ ಹಾಗೇ ಇದೆ. ಆ ಗಡಿಯ ಒಳಗೆ, ಎಳ್ಳುಕಾಳಿನಷ್ಟು ಒಂದು ಚುಕ್ಕೆ. ಉಳಿಯ ಮೊನೆಯನ್ನು ಒಂದೇ ಸಲ ಊರಿ ಎತ್ತಿದ ಗುರುತು.

ಅವಳಿಗೆ ಎಲ್ಲ ಅರ್ಥವಾಯಿತು. ಕಲ್ಲಿನ ಮೇಲೆ ಉಳಿ ಟಣ್ ಎನ್ನುತ್ತದೆ, ಅಂಟಿನ ಮೇಲೆ ಬೊದ್ ಎನ್ನುತ್ತದೆ. ಹೆಸರು ಕೊರೆಯಲು ಕುಳಿತವನಿಗೆ ಮೊದಲ ಪೆಟ್ಟಿಗೇ ತಿಳಿದಿದೆ. ಹಾಗಾದರೆ ಆ ಹೆಸರು ಎಲ್ಲಿ ಹೋಯಿತು? ಪಕ್ಕದ ನಲವತ್ತೆಂಟನ್ನು ನೋಡಿದಳು. ಉಳಿದೆಲ್ಲ ಕಲ್ಲಿನಲ್ಲಿ ಮೊದಲ ಸಾಲು ಒಂದೇ ಮಟ್ಟದಲ್ಲಿ ಶುರುವಾಗಿತ್ತು. ನಲವತ್ತೆಂಟರಲ್ಲಿ ಮಾತ್ರ ಆ ಮಟ್ಟದ ಮೇಲೆ, ಖಾಲಿ ಬಿಡಬೇಕಾದ ಅಂಚಿನಲ್ಲಿ, ಒಂಟಿ ಹೆಸರೊಂದು ಕೂತಿತ್ತು. ಗಟ್ಟಿ ಕಲ್ಲಿನ ಮೇಲೆ, ಆಳವಾಗಿ, ಬೇರೆಯವಕ್ಕಿಂತ ತುಸು ಹೆಚ್ಚೇ ಜೋಪಾನವಾಗಿ ಕೊರೆದದ್ದು.

ಚಪ್ಪಡಿಯ ಹಿಂಬದಿಯಲ್ಲಿ ಸಂಖ್ಯೆಯಿತ್ತು, ಕಾರ್ಖಾನೆಯ ಗುರುತಿತ್ತು. ಅವನು ಒಂದು ಮಾತು ಮೇಲಿನವರಿಗೆ ಹೇಳಿದ್ದರೆ ಅವಳ ಕೆಲಸ ಹೋಗುತ್ತಿತ್ತು, ಮಾನ ಹೋಗುತ್ತಿತ್ತು. ಗಂಡ ಹಾಸಿಗೆ ಹಿಡಿದಿದ್ದ ವರ್ಷ ಅದು. ಮುಖ ನೋಡದ, ಊರು ಗೊತ್ತಿಲ್ಲದ ಯಾವನೋ ಒಬ್ಬ ಅವಳ ತಪ್ಪನ್ನು ಯಾರಿಗೂ ಹೇಳದೆ, ಆ ಹೆಸರನ್ನು ಪಕ್ಕದ ಕಲ್ಲಿಗೆ ದಾಟಿಸಿ ಕೆಲಸ ಮುಗಿಸಿ, ಉಳಿ ಒರೆಸಿಕೊಂಡು ಎದ್ದು ಹೋಗಿದ್ದ. ಕನ್ನಡಿಯಕ್ಕ ಅಲ್ಲೇ ಕುಳಿತು ಅತ್ತಳು, ಅಳುತ್ತಲೇ ನಕ್ಕಳು.

ಕಾವಲುಗಾರ ಹತ್ತಿರ ಬಂದು, ಹುಷಾರಿದ್ದೀರಾ ಎಂದು ವಿಚಾರಿಸಿದ. ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ ಹಗುರಾಗೋಣವೆಂದು ಅವಳು ಕಣ್ಣೊರೆಸಿಕೊಂಡಳು. "ಈ ಜಾಗ ಯಾಕೆ ಖಾಲಿ ಇದೆ ಗೊತ್ತಾ ನಿಮಗೆ?" ಎಂದು ಶುರುಮಾಡಿದಳು.

"ಗೊತ್ತಿಲ್ದೆ ಏನಮ್ಮಾ, ದಿನಾ ಹತ್ತು ಜನಕ್ಕೆ ಹೇಳ್ತೀನಿ" ಅಂದ ಅವನು. "ಸುರಂಗದಲ್ಲಿ ಸತ್ತೋರಲ್ಲಿ ಎಷ್ಟೋ ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ದಿನಗೂಲಿಯೋರು, ಅಡ್ಡಹೆಸರಿನೋರು. ಅವರಿಗೆ ಅಂತ ಬಿಟ್ಟಿರೋ ಜಾಗ ಇದು. ಹೆಸರಿದ್ದೋರ ಮನೆಯೋರು ಹೆಸರು ಮುಟ್ತಾರೆ. ಇಲ್ಲದೋರ ಮನೆಯೋರು ಇದನ್ನ ಮುಟ್ತಾರೆ."

ಹೇಳಹೊರಟದ್ದನ್ನು ಬಿಟ್ಟು ಅವಳು ಆ ಮೂಲೆಯ ಮೇಲೆ ಬೆರಳಾಡಿಸಿದಳು. ಹೌದಲ್ಲ, ಬಿಸಿಲಿಗೆ ಬಿರಿಯಬೇಕಿದ್ದ ತೇಪೆ ಇಷ್ಟು ನುಣ್ಣಗಿರುವುದು ಅವಳ ಕೈಯ ಹೊಳಪಿನಿಂದಲ್ಲ. ಹತ್ತೊಂಬತ್ತು ವರ್ಷ ಅದನ್ನು ಅಂಗೈಗಳು ಉಜ್ಜಿವೆ.

ಅವನು ಹೇಳುತ್ತಿರುವಾಗಲೇ ಮಧ್ಯವಯಸ್ಸಿನ ಹೆಂಗಸೊಬ್ಬಳು ಕಚೇರಿಗೆ ಹೋಗುವ ಅವಸರದಲ್ಲೇ ಬಂದಳು. ಕೈಚೀಲ ನೆಲಕ್ಕಿಟ್ಟಳು. ಪಕ್ಕದಲ್ಲಿ ಬಗ್ಗಿ ಅಂಗೈಯನ್ನು ಆ ಬರಿ ಮೂಲೆಯ ಮೇಲೆ ಊರಿ, ತನ್ನ ತಾತನನ್ನು ಎಲ್ಲರೂ ಉದ್ದಣ್ಣ ಎಂದೇ ಕರೆಯುತ್ತಿದ್ದರಂತೆ, ಉದ್ದಣ್ಣ ಎಂದು ಬರೆದುಕೊಳ್ಳಲು ಯಾವ ಗುಮಾಸ್ತ ಒಪ್ಪುತ್ತಾನೆ ಎಂದು ಸಲೀಸಾಗಿ ನಕ್ಕಳು. ಆಮೇಲೆ ಕನ್ನಡಿಯಕ್ಕನ ಒದ್ದೆ ಮುಖ ಕಂಡು ದನಿ ತಗ್ಗಿಸಿ ಕೇಳಿದಳು.

"ನಿಮ್ಮೋರೂ ಯಾರಾದ್ರೂ ಇದ್ದಾರಾ ಅಮ್ಮ, ಇಲ್ಲಿ?"

ಕನ್ನಡಿಯಕ್ಕ ಆ ಎಳ್ಳುಕಾಳಿನಷ್ಟು ಚುಕ್ಕೆಯನ್ನು ಒಮ್ಮೆ ನೋಡಿದಳು.

"ಒಬ್ಬ ಇದ್ದಾನೆ" ಅಂದಳು. "ಉಳಿ ಹಿಡಿದು ಕೆಲಸ ಮಾಡಿದೋನು. ಹೆಸರು ನನಗೂ ಗೊತ್ತಿಲ್ಲ."

ಆ ಹೆಂಗಸು ತನ್ನ ಕೈಯನ್ನು ತುಸು ಪಕ್ಕಕ್ಕೆ ಸರಿಸಿ, ಇವಳ ಕೈಗೂ ಜಾಗ ಮಾಡಿಕೊಟ್ಟಳು.