ಮರ್ಯಾದೆ ಪಾಯಿಂಟು

ಹಿರಿಯೂರು ಬಸ್ ಸ್ಟ್ಯಾಂಡಿನ ಹಿಂದೆ ಪ್ರಸನ್ನಕುಮಾರ್ ವಿಡಿಯೋ ಗೇಮ್ ಅಂಗಡಿ ತೆರೆದಾಗ ಬೋರ್ಡು ಅಂಗಡಿಗಿಂತ ಅಗಲವಾಗಿತ್ತು. 'ಅಂತರರಾಷ್ಟ್ರೀಯ ಎಲೆಕ್ಟ್ರಾನಿಕ್ ಕ್ರೀಡಾ ಕೇಂದ್ರ' ಎಂಬುದರಲ್ಲಿ 'ಕೇಂದ್ರ' ಪಕ್ಕದ ಸೈಕಲ್ ಶಾಪಿನ ಗೋಡೆಯ ಮೇಲೆ ಬಿದ್ದಿತ್ತು. ಒಳಗೆ ಎರಡು ಟಿ.ವಿ., ಎರಡು ಬೆಂಚು, ಬೇಕಾದಾಗಲೇ ನಿಂತುಬಿಡುವ ಒಂದು ಫ್ಯಾನು. ಅಂತರರಾಷ್ಟ್ರೀಯ ಅನ್ನುವುದಕ್ಕೆ ಅಲ್ಲಿದ್ದ ಆಧಾರ ಒಂದೇ, ಐಸ್ ಹಾಕಿಯ ಕ್ಯಾಸೆಟ್ಟು. ಅದನ್ನು ಬೆಂಗಳೂರಿನಲ್ಲಿ ಕ್ರಿಕೆಟ್ ಎಂದು ನಂಬಿಸಿ ಕೊಟ್ಟಿದ್ದರು. ಊರಿಗೆ ತಂದು ಹಾಕಿದರೆ ಬಿಳಿ ಮಂಜುಗಡ್ಡೆಯ ಮೇಲೆ ಹೆಲ್ಮೆಟ್ಟಿನ ಗಂಡಸರು ಜಾರುತ್ತಿದ್ದರು. ಮೋಸಹೋದೆ ಎಂದು ಒಪ್ಪಿಕೊಳ್ಳುವ ಜಾಯಮಾನ ಪ್ರಸನ್ನನದಲ್ಲ.

"ಇದು ಮುಂದಿನ ಕಾಲದ ಆಟ ಕಣ್ರಿ. ನಮ್ಮ ಕಡೆಗೆ ಬರಾಕೆ ಇನ್ನೂ ಟೈಮ್ ಐತೆ," ಎಂದು ಗಿರಾಕಿಗಳಿಗೆ ಹೇಳಿದ.

ನಾನು ಹೇಳಹೊರಟಿರುವುದು ಅವನ ಅಣ್ಣ ಓಬಳೇಶಪ್ಪನ ವಿಷಯ. ಆದರೆ ಪ್ರಸನ್ನನನ್ನು ದಾಟದೆ ಯಾರ ವಿಷಯಕ್ಕೂ ಹೋಗುವುದು ಆ ಅಂಗಡಿಯಲ್ಲಿ ಸಾಧ್ಯವಿರಲಿಲ್ಲ.

ಓಬಳೇಶಪ್ಪ ಮಾರಿಕಣಿವೆ ನಾಲೆಯ ನೀರುಗಂಟಿ. ಯಾರ ಹೊಲಕ್ಕೆ ಯಾವಾಗ ನೀರು ಬಿಡಬೇಕೆಂದು ನೋಡಿಕೊಳ್ಳುವ ಕೆಲಸ. ಅಪ್ಪ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಬೆಳೆಸಿದವನೂ ಅವನೇ. ಅದಕ್ಕಿಂತ ಹೆಚ್ಚಾಗಿ ಅವನು ಐಮಂಗಲದ ಕಬಡ್ಡಿ ತಂಡದ ಕ್ಯಾಪ್ಟನ್. ಆ ಕಡೆಯ ತಂಡಗಳಲ್ಲೆಲ್ಲ ಒಂದು ಪದ್ಧತಿಯಿತ್ತು. ಹಳೆಯ ಆಟಗಾರ ಆಟ ಬಿಡುವ ದಿನ ಅವನ ಕೊನೆಯ ರೈಡಿನಲ್ಲಿ ಎದುರಿನವರು ಅವನನ್ನು ಹಿಡಿಯುವುದಿಲ್ಲ. ಒಬ್ಬ ಸುಮ್ಮನೆ ನಿಂತು ಮುಟ್ಟಿಸಿಕೊಳ್ಳುತ್ತಾನೆ. ಅದಕ್ಕೆ ಮರ್ಯಾದೆ ಪಾಯಿಂಟು ಎಂದು ಹೆಸರು. ಅದನ್ನು ಪಡೆದವನು ನಡುಗೆರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಡಬೇಕು. ಮತ್ತೆ ಅಂಕಣಕ್ಕೆ ಕಾಲಿಡುವ ಹಾಗಿಲ್ಲ.

"ನನಗೆ ಮಾತ್ರ ಯಾರೂ ಕೊಡಬ್ಯಾಡ್ರಪ್ಪ," ಎನ್ನುತ್ತಿದ್ದ ಓಬಳೇಶಪ್ಪ. "ನನ್ನ ಕೆಡವಿಯೇ ಕಳಿಸ್ರಿ."

ಕೊಡುವ ಅವಕಾಶವೇ ಯಾರಿಗೂ ಸಿಗಲಿಲ್ಲ. ಒಂದು ಬೆಳಿಗ್ಗೆ ನಾಲೆಯ ಏರಿಯ ಮೇಲೆ ಲಕ್ವ ಹೊಡೆದು ಬಿದ್ದ. ಬಲಗೈ ಬಲಗಾಲು ಹೋದವು. ಆಗ ಅವನಿಗೆ ನಲವತ್ತೂ ತುಂಬಿರಲಿಲ್ಲ.

ಮನೆಯಲ್ಲಿ ಗೋಡೆ ನೋಡುತ್ತ ಕೂರುವುದು ಬೇಡವೆಂದು ಹೆಂಡತಿ ಅನುಸೂಯ ಅವನನ್ನು ಆಟೋದಲ್ಲಿ ಅಂಗಡಿಗೆ ಕರೆತಂದು ಬಿಡತೊಡಗಿದಳು. ಅಲ್ಲಿ ಅವನು ಗೋಡೆಯ ಬದಲು ಟಿ.ವಿ. ನೋಡುತ್ತ ಕೂತ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಪ್ರಸನ್ನ ಐಸ್ ಹಾಕಿಯ ಕ್ಯಾಸೆಟ್ಟು ತೂರಿಸಿ, ಆಡಿಸುವ ರಿಮೋಟನ್ನು ಅಣ್ಣನ ಎಡಗೈ ಕೆಳಗೆ ಇಟ್ಟ.

ಆ ಹಳೆಯ ಆಟ ಒಂದು ಬೊಂಬೆಯಾಟ. ಗುರಾಣಿಯಂಥ ಮೈಯವರು ಗೆರೆ ಎಳೆದಂತೆ ಜಾರುತ್ತಿದ್ದರು. ಚೆಂಡಿನ ಬದಲಿಗಿದ್ದ ಕಪ್ಪು ಬಿಲ್ಲೆ ಕೋಲಿಗೆ ಅಂಟಿಕೊಂಡೇ ಬರುತ್ತಿತ್ತು. ಬಿದ್ದವನು ಚೆಂಡಿನಂತೆ ಪುಟಿದು ಏಳುತ್ತಿದ್ದ. ಬಾಣದ ಗುರುತನ್ನು ಕಿರುಬೆರಳಿನಿಂದ ಒತ್ತಿ, ಅದೇ ಕೈಯ ಹೆಬ್ಬೆರಳನ್ನು ಚಾಚಿ ಗುಂಡಿ ಒತ್ತಿದರೆ ಸಾಕು. ಓಬಳೇಶಪ್ಪ ರಿಮೋಟನ್ನು ಮೇಜಿನ ಮೇಲಿಟ್ಟು ತಬಲದ ಹಾಗೆ ನುಡಿಸುವುದನ್ನು ಕಲಿತ. ಎಡ ಮೂಲೆಯಿಂದ ನುಗ್ಗಿ, ಗೋಲಿನ ಮುಂದೆ ಹಾದು, ಹಿಂತಿರುಗಿ ಹೊಡೆದರೆ ಗೋಲ್ ಆಗಲೇಬೇಕೆಂದು ಕಂಡುಹಿಡಿದ. ಅದು ಅವನ ಕಬಡ್ಡಿ ರೈಡೇ. ಮುಟ್ಟಿ ಬರುವ ದಾರಿ ಮಾತ್ರ ಬಿಳಿಯದಾಗಿತ್ತು.

ಒಂದು ವರ್ಷದೊಳಗೆ ಅವನನ್ನು ಸೋಲಿಸುವವರು ಇಲ್ಲವಾದರು. ಹೊಳಲ್ಕೆರೆ, ಹೊಸದುರ್ಗದಿಂದ ಕಾಲೇಜು ಹುಡುಗರು ಬಸ್ಸು ಹತ್ತಿ ಬಂದು ಸೋತು ಹೋಗುತ್ತಿದ್ದರು. ತಾಳ್ಯದ ರವೀಂದ್ರ ಎಂಬವನು ಮೀಸೆ ತಿರುವುತ್ತಲೇ ಬಂದ.

"ಏನ್ ಮಾವ, ಒಂದೇ ಕೈಯಾಗೆ ಆಡ್ತೀಯಂತೆ?"

"ಇನ್ನೊಂದು ನಿನಗೇ ಬಿಟ್ಟೀನಿ ಕಣ್ಲೇ. ಮೂರು ಕೈ ಇಟ್ಕಂಡು ಆಡು."

ಮೂರು ಕೈಯೂ ಸಾಲಲಿಲ್ಲ.

ಅನುಸೂಯ ಸಂಜೆ ಕರೆದೊಯ್ಯಲು ಬಂದವಳು ಬಾಗಿಲಲ್ಲೇ ನಿಲ್ಲುತ್ತಿದ್ದಳು. "ಮನ್ಯಾಗೆ ಒಂದು ಲೋಟ ನೀರಿಗೂ ನಾನೇ ಬರಬೇಕು. ಇಲ್ಲಿ ನೋಡಿದ್ರೆ ಐದು ಜನ ಗಂಡಸರನ್ನ ಓಡಾಡಿಸ್ತಾ ಕುಂತವ್ರೆ," ಎಂದು ಬೈಯುತ್ತಿದ್ದಳು. ಬೈಯುತ್ತಲೇ ಆಟ ಮುಗಿಯುವವರೆಗೂ ಆಟೋ ಕಾಯಿಸುತ್ತಿದ್ದಳು.

ಹೀಗೆ ಏಳೆಂಟು ವರ್ಷ ನಡೆಯಿತು. ಆಮೇಲೆ ಆಟ ಸುಧಾರಿಸಿತು.

ಬೆಂಗಳೂರಿಗೆ ಹೋದ ಪ್ರಸನ್ನ ಹೊಸ ಐಸ್ ಹಾಕಿಯನ್ನು ನೋಡಿ ಬೆರಗಾಗಿ ಬಂದ. ಅಣ್ಣನಿಗೆ ತಕ್ಕ ಆಟ ಇದು ಎಂದು ಅವನಿಗೆ ತೋರಿತು. ಕದ್ದುಮುಚ್ಚಿ ತಯಾರಿ ಮಾಡಿದ. ಹಳೆಯ ಯಂತ್ರ, ಕ್ಯಾಸೆಟ್ಟು ಎಲ್ಲವನ್ನೂ ಚಿತ್ರದುರ್ಗದ ಒಬ್ಬ ವ್ಯಾಪಾರಿಗೆ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ತಂದ. ಪೂಜೆಯ ದಿನ ಭಾಷಣವನ್ನೂ ಮಾಡಿದ. ಪಿಯುಸಿಯಲ್ಲಿ ಫಿಸಿಕ್ಸ್‌ನಲ್ಲೇ ಎರಡು ಸಲ ಫೇಲಾಗಿದ್ದ ಮನುಷ್ಯ ಆವತ್ತು ಘರ್ಷಣೆ, ವೇಗ, ತೂಕಗಳ ಬಗ್ಗೆ ಮಾತಾಡಿದ್ದನ್ನು ಅವನ ಮೇಷ್ಟ್ರು ಕೇಳಿದ್ದರೆ ಮೂರನೇ ಸಲವೂ ಫೇಲು ಮಾಡುತ್ತಿದ್ದರು. ಉದಾಹರಣೆಗೆಂದು ಮಾರಿಕಣಿವೆಯ ಮೀನಿನ ವ್ಯಾನಿನಿಂದ ಒಂದು ಮಂಜುಗಡ್ಡೆ ತರಿಸಿ, ಅದರ ಮೇಲೆ ಬಾಟಲಿಯ ಮುಚ್ಚಳ ಜಾರಿಸಿದ.

"ನೋಡ್ರಿ, ಎಲ್ಲಿಗೆ ಹೋಗತೈತೆ ಅಂತ ಹೇಳಾಕಾಗಲ್ಲ. ಇದು ನಿಜ. ಹಳೇದೆಲ್ಲ ಬರೀ ಸುಳ್ಳು."

"ಸುಳ್ಳಾದ್ರೂ ಮೀನಿನ ವಾಸನೆ ಬರ್ತಿರಲಿಲ್ಲ ಬಿಡೋ," ಎಂದ ಓಬಳೇಶಪ್ಪ. ಎಲ್ಲರೂ ನಕ್ಕರು. ಅವನೂ ನಕ್ಕ. ಆ ಅಂಗಡಿಯಲ್ಲಿ ಅವನು ನಕ್ಕದ್ದು ಅದೇ ಕೊನೆ.

ಹೊಸ ರಿಮೋಟಿಗೆ ಎರಡು ಕಡ್ಡಿಗಳು. ಎಡಗಡ್ಡಿಯಿಂದ ಓಡಬೇಕು, ಬಲಗಡ್ಡಿಯಿಂದ ಹೊಡೆಯಬೇಕು, ಎರಡೂ ಒಟ್ಟಿಗೆ. ಓಡಿದವನು ದಣಿಯುತ್ತಿದ್ದ. ಬಿಲ್ಲೆ ಕೋಲಿಗೆ ತಗುಲಿ, ಚಿಮ್ಮಿ, ಕೈಜಾರಿ ಹೋಗುತ್ತಿತ್ತು. ಎಡ ಮೂಲೆಯಿಂದ ನುಗ್ಗಿದ ಓಬಳೇಶಪ್ಪನ ಆಟಗಾರನಿಗೆ ಎದುರಿನವನ ಭುಜ ಬಡಿಯಿತು. ಅವನು ಬಲಕ್ಕೆ ಕುಸಿದ. ಪುಟಿದು ಏಳಲಿಲ್ಲ. ಮೊಣಕೈ ಊರಿ, ಮೊಣಕಾಲು ಎಳೆದುಕೊಂಡು, ನಿಧಾನವಾಗಿ ಎದ್ದ.

"ಎಷ್ಟು ರಿಯಲ್ಲಾಗೈತೆ ನೋಡಣ್ಣ," ಎಂದ ಪ್ರಸನ್ನ, ಹೆಮ್ಮೆಯಿಂದ.

"ಹೂಂ ಕಣೋ," ಎಂದ ಓಬಳೇಶಪ್ಪ. "ನಾಲೆ ಏರಿ ಮ್ಯಾಲೆ ನಾನೂ ಹಿಂಗೇ ಬಿದ್ದಿದ್ದು."

ಒಂದಷ್ಟು ದಿನ ಬಂದ. ಎಳೆಯ ಹುಡುಗರೆಲ್ಲ ಅವನನ್ನು ಸೋಲಿಸಿದರು. ತಾಳ್ಯದ ರವೀಂದ್ರನೂ ಗೆದ್ದ. ಗೆದ್ದವನು ಮೀಸೆ ಮುಟ್ಟದೆ ಎದ್ದುಹೋದ. ಆಮೇಲೆ ಓಬಳೇಶಪ್ಪ, ಬಿಸಿಲು ಜಾಸ್ತಿ ಎಂದು ಒಂದು ದಿನ, ಆಟೋ ಸಿಗಲಿಲ್ಲ ಎಂದು ಒಂದು ದಿನ ತಪ್ಪಿಸಿ, ಕೊನೆಗೆ ನೆಪ ಹೇಳುವುದನ್ನೂ ಬಿಟ್ಟ. ಮನೆಯಲ್ಲಿ ಗೋಡೆ ಅವನಿಗಾಗಿ ಹಾಗೇ ಕಾದಿತ್ತು.

ಪ್ರಸನ್ನನಿಗೆ ಅರ್ಥವಾದಾಗ ತಡವಾಗಿತ್ತು. ಅರ್ಥವಾದದ್ದೂ ಅರ್ಧ. ಅಣ್ಣನಿಗೆ ಬೇಕಾದದ್ದು ಒಂದು ಗೆಲುವು ಎಂದುಕೊಂಡ. "ಒಂದೇ ಆಟ ಆಡಾಣ ಬಾರಣ್ಣ, ನಾನು ನೀನು," ಎಂದು ಅಂಗಲಾಚಿ ಕರೆತಂದ. ಅನುಸೂಯಳೂ ಬಂದು ಬೆಂಚಿನ ತುದಿಯಲ್ಲಿ ಕೂತಳು.

ಹಳೆಯ ಆಟದಲ್ಲಿ ಗೋಲು ಕಾಯುವವನು, ಅಂದರೆ ಗೋಲಿ, ಒಂದು ಮರದ ತುಂಡು. ಬೇಕೆಂದೇ ಸೋತರೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಕಾಲದಲ್ಲಿ ಬೇಕೆಂದು ಸೋಲುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಹೊಸ ಆಟದ ಗೋಲಿಗೆ ಕಣ್ಣಿತ್ತು, ಭುಜವಿತ್ತು, ಉಸಿರಿತ್ತು. ಓಬಳೇಶಪ್ಪ ಎಡ ಮೂಲೆಯಿಂದ ಬಂದ. ಬಿಲ್ಲೆ ಕೋಲಿನಿಂದ ಜಾರಿ, ತೆವಳುವ ಹಾಗೆ ಗೋಲಿನತ್ತ ಹೋಯಿತು. ಪ್ರಸನ್ನ ತನ್ನ ಗೋಲಿಯನ್ನು ಪಕ್ಕಕ್ಕೆ ಸರಿಸಿದ.

ಗೋಲ್ ಆಯಿತು. ಟಿ.ವಿ.ಯೊಳಗಿನ ಸಾವಿರಾರು ಜನ ಎದ್ದು ನಿಂತು ಕೂಗಿದರು. ಹೊಸ ಆಟದ ಇನ್ನೊಂದು ಸುಧಾರಣೆಯನ್ನು ಪ್ರಸನ್ನ ಮರೆತಿದ್ದ. ಪ್ರತಿ ಗೋಲನ್ನೂ ಅದು ನಿಧಾನ ಮಾಡಿ, ಬೇರೆ ಬೇರೆ ದಿಕ್ಕಿನಿಂದ ಮತ್ತೆ ತೋರಿಸುತ್ತಿತ್ತು. ಗೋಲಿ ಬಿಲ್ಲೆಯನ್ನು ನೋಡಿದ್ದು, ಭುಜ ತಗ್ಗಿಸಿದ್ದು, ದಾರಿ ಬಿಟ್ಟು ನಿಂತದ್ದು, ಎಲ್ಲವೂ ಹತ್ತಿರದಿಂದ ಕಂಡವು.

ಓಬಳೇಶಪ್ಪ ಪೂರ್ತಿ ನೋಡಿದ.

"ಲೇ ಪ್ರಸನ್ನ."

"ಏನಣ್ಣ."

"ಮರ್ಯಾದೆ ಪಾಯಿಂಟೇನೋ?"

ಪ್ರಸನ್ನ ರಿಮೋಟಿನ ವೈರನ್ನು ಬೆರಳಿಗೆ ಸುತ್ತತೊಡಗಿದ.

ಓಬಳೇಶಪ್ಪ ತನ್ನ ರಿಮೋಟನ್ನು ಮೇಜಿನ ನಡುವಿಗೆ ಸರಿಸಿದ. ಅದನ್ನು ಎಡಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. "ಅನುಸೂಯ, ಆಟೋ ಕರಿ," ಎಂದ.

"ಆಟ ಮುಗಿದಿಲ್ಲ ಕಣಣ್ಣ. ಇನ್ನೂ ಟೈಮ್ ಐತೆ."

"ನಿನಗೈತೆ. ಆಡು."

ಅವನು ಹೋದ ಮೇಲೂ ಅವನ ಕಡೆಯ ಐದು ಜನ ಮಂಜಿನ ಮೇಲೆ ನಿಂತೇ ಇದ್ದರು. ಅವರ ಬಾಯಿಂದ ಹಬೆ ಬರುತ್ತಿತ್ತು. ಅದನ್ನೂ ಅಷ್ಟು ನಿಜವಾಗಿ ಮಾಡಿದ್ದರು.

ಪ್ರಸನ್ನ ಮಾರನೆಯ ದಿನವೇ ಚಿತ್ರದುರ್ಗಕ್ಕೆ ಓಡಿದ. ಹಳೆಯ ಯಂತ್ರವನ್ನು ಬಿಚ್ಚಿ ಬಿಡಿಭಾಗ ಮಾಡಿಯಾಗಿತ್ತು. ಆದರೂ ಬಿಡದೆ ದಾವಣಗೆರೆ, ತುಮಕೂರು ಎಂದು ಅಲೆದು ಅಂಥದ್ದೇ ಇನ್ನೊಂದನ್ನು, ಅದೇ ಕ್ಯಾಸೆಟ್ಟನ್ನು ಎಲ್ಲಿಂದಲೋ ಹುಡುಕಿ ತಂದ. ತಂದವನು ಅಂಗಡಿಯ ಅಟ್ಟದ ಮೇಲಿಟ್ಟ. ಅದು ಅನುಸೂಯಳಿಗೆ ತಿಳಿದು, ಹೂವು ಕೊಳ್ಳಲು ಬಂದವಳು ಅಂಗಡಿಯ ಮುಂದೆ ನಿಂತು ಕೇಳಿದಳು.

"ಹಳೇದು ಸಿಕ್ಕೈತಂತಲ್ಲ. ಮನೆಗಾದ್ರೂ ತರಬಾರದೇನಪ್ಪ?"

ಪ್ರಸನ್ನ ತಲೆಯೆತ್ತಲಿಲ್ಲ.

"ತಂದ್ರೂ ಮುಟ್ಟಲ್ಲ ಅತ್ತಿಗೆ," ಎಂದ. "ನಾನು ಪಾಯಿಂಟು ಕೊಟ್ಟುಬಿಟ್ಟೀನಲ್ಲ."