ಎಲೆಕ್ಟ್ರಿಕ್ ಕಾರಿನ ಕೆಳಗಿನ ನಿಂಬೆಹಣ್ಣು

ಗೆಳೆಯರೇ, ನಿಂಬೆಹಣ್ಣು ಒಡೆಯುವ ಸದ್ದನ್ನು ಯಾವತ್ತಾದರೂ ಕೇಳಿದ್ದೀರಾ? ನಾನು ಇವತ್ತು ಕೇಳಿದೆ.

ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆಂದಿದ್ದೇನೆ. ಅಪ್ಪ ಒಪ್ಪದೆ ನಮ್ಮ ಮನೆಗೆ ಗಾಡಿ ಬರುವುದಿಲ್ಲ. ಆಮೇಲೆ ಮುಚ್ಚಿಟ್ಟೆ ಅನ್ನಬಾರದೆಂದು, ಕಾರಿನ ಪರದೆ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ, ಚಾರ್ಜಿಂಗ್ ಅರ್ಧಕ್ಕೇ ನಿಲ್ಲುತ್ತದೆ ಎಂದು ಕೊಂಡವರು ಬರೆದ ದೂರುಗಳನ್ನೆಲ್ಲ ಭದ್ರಾವತಿ ಬಸ್ಸಿನಲ್ಲಿ ಅವರಿಗೆ ಓದಿ ಹೇಳಿದೆ. ಅವರಿಗೆ ಕಿವಿ ಮಂದ, ಹಾಗಾಗಿ ಇಡೀ ಬಸ್ಸಿಗೇ ಕೇಳಿತು. ಅಪ್ಪ "ಹೂಂ" ಅನ್ನುತ್ತಲೇ ಇದ್ದರು.

ಭದ್ರಾವತಿಯ ಕಾಗದನಗರದಲ್ಲಿ ನಮ್ಮ ಭಾವ ನಾನು ನೋಡಿಟ್ಟಿದ್ದ ಕಾರನ್ನೇ ತಂದಿದ್ದರು. ಪೂಜೆ ಮುಗಿಸಿದ ಭಟ್ಟರು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, "ಸ್ಟಾರ್ಟ್ ಮಾಡಿ" ಎಂದು ಕಾದರು. ಮತ್ತೊಮ್ಮೆ, "ಸ್ಟಾರ್ಟ್ ಮಾಡಿ ಸ್ವಾಮಿ!"

"ಆಗ್ಲೇ ಆಗಿದೆ ಭಟ್ರೇ!" ಎಂದರು ಭಾವ.

ಕಾರು ಮೆಲ್ಲಗೆ ಸರಿಯಿತು. ಚಟ್! ಇಷ್ಟು ವರ್ಷ ಎಂಜಿನ್ನಿನ ಗದ್ದಲದಲ್ಲಿ ಮುಳುಗಿಹೋಗುತ್ತಿದ್ದ ಸದ್ದು. ಭಟ್ಟರ ಮಂತ್ರ ಬಾಯಲ್ಲೇ ನಿಂತಿತು.

ಚಕ್ರದ ಪಕ್ಕ ಬಗ್ಗಿ ನೋಡುತ್ತಿದ್ದ ಅಪ್ಪ ನನ್ನ ಕೈ ಹಿಡಿದುಕೊಂಡರು. "ನಿಂಬೆಹಣ್ಣು ಒಡೆದಿದ್ದು ನಂಗೂ ಕೇಳಿಸ್ತು ಮಾರಾಯ! ಇದನ್ನೇ ತಗೊಳ್ಳೋಣ."

"ಅಪ್ಪ, ಬಸ್ಸಲ್ಲಿ ಓದಿದ್ನಲ್ಲ, ಆ ಕಂಪ್ಲೇಂಟು?"

"ಯಾವ ಕಂಪ್ಲೇಂಟು?"

ನಾಳೆ ಬುಕ್ ಮಾಡುತ್ತೇನೆ. ಪರದೆ ಕಪ್ಪಾದ ದಿನ ಅಪ್ಪನಿಗೆ ಮೆಲ್ಲಗೆ ಹೇಳಿದರಾಯಿತು.